ನೆರಳಲ್ಲಿ ನಿಂತ ಮರಗಳು: ಆನ್ಸೆಲ್ ಆಡಮ್ಸ್ ಜೀವನಚಿತ್ರ

ಬೆಳಕಿನ ಘಟಕಕ್ಕೆ ಪೂರಕವಾಗಿ ಒಬ್ಬರ ಜೀವನಚಿತ್ರ ಹೇಳಬೇಕೆಂದರೆ ಪ್ರಶಿಕ್ಷಣಾರ್ಥಿಗಳಾದ ನಾವು ಹೆಚ್ಚಾಗಿ ನ್ಯೂಟನ್ ಅವರನ್ನೋ ಸಿ.ವಿ. ರಾಮನ್ ಅವರನ್ನೋ ಆರಿಸಿಕೊಳ್ಳುತ್ತೇವೆ. ಎರಡೂ ಒಳ್ಳೆಯ ಆಯ್ಕೆಗಳೇ. ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ ಬೋಧನಾಭ್ಯಾಸ ಮಾಡುವಾಗ ಹತ್ತನೆಯ ತರಗತಿಗೆ ನಾನು ಆರಿಸಿಕೊಂಡದ್ದು ಮಾತ್ರ ಒಬ್ಬ ಛಾಯಾಗ್ರಾಹಕರನ್ನು. ಅವರು ಅಮೆರಿಕದ ಆನ್ಸೆಲ್ ಆಡಮ್ಸ್. ಬೆಟ್ಟ, ಬಂಡೆ, ಮರಗಳನ್ನು ಕಪ್ಪು ಬಿಳುಪಿನಲ್ಲಿ ತೆಗೆದು ಜಗತ್ತಿಗೆಲ್ಲ ಹೆಸರಾದವರು.

ಆಯ್ಕೆಗೆ ಕಾರಣ ಆ ಊರೇ. ತಿರುಮಣಿ ಮತ್ತು ಅಕ್ಕಪಕ್ಕದ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ ಸೌರಫಲಕಗಳಿವೆ. ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಹಿಂದೆ ಕಡಲೆಕಾಯಿ ಬಿತ್ತುತ್ತಿದ್ದ, ಮಳೆ ಕೈಕೊಟ್ಟ ವರ್ಷ ಬೀಳಾಗುತ್ತಿದ್ದ ಹೊಲಗಳು ಗುತ್ತಿಗೆಗೆ ಹೋಗಿವೆ. ಹೀಗಾಗಿ ಇಲ್ಲಿನ ಮಕ್ಕಳಿಗೆ ಮೆಗಾವ್ಯಾಟ್ ಎಂಬ ಪದ ಪಠ್ಯಪುಸ್ತಕಕ್ಕಿಂತ ಮೊದಲೇ ಪರಿಚಯ. ಬಿಸಿಲೆಂದರೆ ಒಂದು ಕಾಲದಲ್ಲಿ ಪೈರು ಒಣಗಿಸುವ ಕಾಟ, ಈಗ ವರ್ಷಕ್ಕಿಷ್ಟು ಎಂದು ಹಣ ತರುವ ಸರಕು. ಅದೇ ಬಿಸಿಲು ಬೆಳಿಗ್ಗೆ ಬದುವಿನ ಹುಣಸೆ ಮರದ ಮೇಲೆ ಹೇಗೆ ಬೀಳುತ್ತದೆ, ಮೋಡ ಕವಿದಾಗ ಆ ಮರದ ಬಣ್ಣ ಏನಾಗುತ್ತದೆ ಎಂದು ನಿಂತು ನೋಡುವ ಅಭ್ಯಾಸ ನಮ್ಮ ಪಾಠಯೋಜನೆಗಳಲ್ಲಿ ಎಲ್ಲೂ ಬರುವುದಿಲ್ಲ. ಆಡಮ್ಸ್ ಅರವತ್ತಕ್ಕೂ ಹೆಚ್ಚು ವರ್ಷ ಮಾಡಿದ್ದು ಆ ಒಂದೇ ಕೆಲಸ.

ಆನ್ಸೆಲ್ ಹುಟ್ಟಿದ್ದು 1902ರ ಫೆಬ್ರವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ತಾತ ದೊಡ್ಡ ಮರದ ವ್ಯಾಪಾರಿ. ಕಾಡಿನ ಮರ ಕೊಯ್ಸಿ ಗಳಿಸಿದ ಹಣದಲ್ಲಿ ಬೆಳೆದ ಮನೆತನ ಅದು. ಆ ಮನೆಯ ಮೊಮ್ಮಗ ಮುಂದೆ ಕಾಡು ಉಳಿಸಲು ಸಂಸತ್ತಿನವರೆಗೆ ಓಡಾಡಿದನೆಂಬುದು ಕಥೆಯಂತೆ ಕೇಳಿಸಿದರೂ ನಿಜ. 1906ರ ಏಪ್ರಿಲ್ 18ರ ಭೂಕಂಪದಲ್ಲಿ ನಗರ ನೆಲಸಮವಾಯಿತು. ನಾಲ್ಕು ವರ್ಷದ ಹುಡುಗ ದೊಡ್ಡ ಕಂಪನದಲ್ಲಿ ಪಾರಾದ. ಆಮೇಲೆ ಬಂದ ಮರುಕಂಪನ ಅವನನ್ನು ತೋಟದ ಗೋಡೆಗೆ ಎಸೆದು ಮೂಗು ಮುರಿಯಿತು. ಸೊಟ್ಟ ಮೂಗು ಕೊನೆಯವರೆಗೂ ಹಾಗೇ ಉಳಿಯಿತು. ಅವನು ದೊಡ್ಡವನಾಗುವಷ್ಟರಲ್ಲಿ ಮನೆಯ ವ್ಯಾಪಾರವೂ ಕುಸಿದಿತ್ತು.

ಮುಂದಿನ ಭಾಗ ನಮ್ಮಂಥವರಿಗೆ ಮುಖ್ಯ. ಹುಡುಗ ತರಗತಿಯಲ್ಲಿ ಒಂದು ಕಡೆ ಕೂರುತ್ತಿರಲಿಲ್ಲ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹಾಕಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ 1915ರಲ್ಲಿ ತಂದೆ ಚಾರ್ಲ್ಸ್ ಆಡಮ್ಸ್ ಅವನನ್ನು ಶಾಲೆ ಬಿಡಿಸಿದರು. ಬಿಡಿಸಿ ಮನೆಯಲ್ಲಿ ಸುಮ್ಮನೆ ಇಟ್ಟುಕೊಳ್ಳಲಿಲ್ಲ. ಆ ವರ್ಷ ನಗರದಲ್ಲಿ ಪನಾಮಾ ಕಾಲುವೆಯ ನೆನಪಿಗೆ ದೊಡ್ಡ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ನಡೆಯುತ್ತಿತ್ತು. ಮಗನಿಗೆ ಅದರ ವರ್ಷದ ಪಾಸು ಕೊಡಿಸಿದರು. ಹುಡುಗ ಹೆಚ್ಚುಕಡಿಮೆ ದಿನಾಲೂ ಹೋಗಿ ಯಂತ್ರ, ಚಿತ್ರ, ಸಂಗೀತ ಎಲ್ಲವನ್ನೂ ನೋಡಿ ಬಂದ. ಮನೆಯಲ್ಲಿ ತಂದೆಯ ಪಾಠ, ಜೊತೆಗೆ ಖಾಸಗಿ ಶಿಕ್ಷಕರು, ರಾತ್ರಿ ದೂರದರ್ಶಕದಲ್ಲಿ ಆಕಾಶವೀಕ್ಷಣೆ. ಪಿಯಾನೋವನ್ನು ತಾನಾಗಿಯೇ ಕಲಿಯಲು ಹತ್ತಿ, ಆಮೇಲೆ ಗುರುಗಳ ಬಳಿ ವರ್ಷಗಟ್ಟಲೆ ಶಿಸ್ತಿನಿಂದ ಅಭ್ಯಾಸ ಮಾಡಿದ. ಒಂದು ಕಡೆ ಕೂರದ ಹುಡುಗ ಪಿಯಾನೋ ಮುಂದೆ ಗಂಟೆಗಟ್ಟಲೆ ಕೂತದ್ದು ಹೇಗೆ ಎಂಬುದು ನಮ್ಮ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ. ತಂದೆಗೆ ಸಮಯ, ತಾಳ್ಮೆ, ಪಾಸು ಕೊಳ್ಳುವಷ್ಟು ಹಣ ಇತ್ತು ಎಂಬುದನ್ನೂ ಮರೆಯಬಾರದು. ಕೂಲಿಗೆ ಹೋಗುವ ತಂದೆತಾಯಿಯ ಮಗು ತರಗತಿಯಲ್ಲಿ ಕೂರದಿದ್ದರೆ ಆ ವಸ್ತುಪ್ರದರ್ಶನವನ್ನು ನಾವೇ ತರಗತಿಯೊಳಗೆ ತರಬೇಕಾಗುತ್ತದೆ.

1916ರ ಬೇಸಿಗೆಯಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅವನು ಕುಟುಂಬದೊಂದಿಗೆ ಯೊಸೆಮಿಟಿ ಕಣಿವೆಗೆ ಹೋದ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ನಡುವಿನ, ಎತ್ತರೆತ್ತರದ ಗ್ರಾನೈಟ್ ಗೋಡೆಗಳ ಕಣಿವೆ ಅದು. ಅಲ್ಲಿ ತಂದೆತಾಯಿ ಕೈಗಿತ್ತದ್ದು ಕೊಡಾಕ್ ಬಾಕ್ಸ್ ಬ್ರೌನಿ ಎಂಬ ಸರಳ ಪೆಟ್ಟಿಗೆ ಕ್ಯಾಮೆರಾ. ನಮ್ಮ ಮಕ್ಕಳು ರಟ್ಟಿನ ಡಬ್ಬಿಯಲ್ಲಿ ಮಾಡುವ ಸೂಜಿರಂಧ್ರ ಕ್ಯಾಮೆರಾಕ್ಕಿಂತ ಒಂದೆರಡು ಮೆಟ್ಟಿಲು ಮೇಲೆ, ಅಷ್ಟೆ. ಚೆನ್ನಾಗಿ ಕಾಣಲೆಂದು ಒಂದು ಲಡ್ಡು ಮರದ ಬೊಡ್ಡೆ ಹತ್ತಿದ. ಬೊಡ್ಡೆ ಕುಸಿಯಿತು. ತಲೆಕೆಳಗಾಗಿ ಬೀಳುವಾಗಲೇ ಬೆರಳು ಗುಂಡಿ ಒತ್ತಿತ್ತು. ತೊಳೆಸಿ ನೋಡಿದರೆ ಬೆಟ್ಟ ತಲೆಕೆಳಗು. ಈ ಘಟನೆ ಹೇಳಿದರೆ ಮಕ್ಕಳು ನಗುತ್ತಾರೆ. ಪೀನ ಮಸೂರ ಮೂಡಿಸುವ ತಲೆಕೆಳಗಾದ ಪ್ರತಿಬಿಂಬಕ್ಕೆ ಅಲ್ಲಿಂದಲೇ ಹೋಗಬಹುದು. ಆ ವರ್ಷದಿಂದ ಸಾಯುವವರೆಗೆ ಆಡಮ್ಸ್ ಯೊಸೆಮಿಟಿಗೆ ಹೋಗದ ವರ್ಷವಿಲ್ಲ. ನೆರೆಯವರೊಬ್ಬರ ಫೋಟೋ ಅಂಗಡಿಯಲ್ಲಿ ಫಿಲ್ಮ್ ತೊಳೆಯುವ ಕೆಲಸ ಕಲಿತರು. 1919ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘ ಸೇರಿ, ಮುಂದೆ ನಾಲ್ಕು ಬೇಸಿಗೆ ಕಣಿವೆಯಲ್ಲಿದ್ದ ಅದರ ಕಟ್ಟಡವನ್ನು ನೋಡಿಕೊಂಡರು. 1928ರಲ್ಲಿ ಮದುವೆಯಾದ ವರ್ಜೀನಿಯಾ ಬೆಸ್ಟ್ ಕೂಡ ಆ ಕಣಿವೆಯವರೇ.

1927ರ ಏಪ್ರಿಲ್ 10. ಮಧುಗಿರಿಯ ಏಕಶಿಲಾ ಬೆಟ್ಟ ನೋಡಿದವರಿಗೆ ಆ ದಿನದ ಕೆಲಸವನ್ನು ವಿವರಿಸುವುದು ಸುಲಭ. ಯೊಸೆಮಿಟಿಯ ಹಾಫ್ ಡೋಮ್ ಅಂಥದ್ದೇ ಒಂದು ಬೃಹತ್ ಬಂಡೆ, ಒಂದು ಮಗ್ಗುಲು ಕತ್ತಿಯಿಂದ ಕೊಯ್ದಂತೆ. ಭಾರದ ಕ್ಯಾಮೆರಾ, ಗಾಜಿನ ಪ್ಲೇಟುಗಳು, ಮುಕ್ಕಾಲಿ ಹೊತ್ತು ಹಿಮದಲ್ಲಿ ಹತ್ತಿ ಬಂಡೆಯ ಎದುರಿಗೆ ಬರುವಾಗ ಉಳಿದದ್ದು ಎರಡೇ ಪ್ಲೇಟು. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ಮೇಲೆ ಹೊಳೆಯಿತು: ಚಿತ್ರದಲ್ಲಿ ಆಕಾಶ ಪೇಲವವಾಗಿ ಬರುತ್ತದೆ, ಬಂಡೆಯೆದುರು ನಿಂತಾಗ ಮನಸ್ಸಿಗಾದ ಗಾಂಭೀರ್ಯ ಅದರಲ್ಲಿ ಇರುವುದಿಲ್ಲ. ಕೊನೆಯ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದರು. ಆಕಾಶ ಸುಮಾರು ಕಪ್ಪಾಗಿ, ಬಂಡೆ ಅದರೆದುರು ಎದ್ದು ನಿಂತಿತು. ಮೋನೊಲಿತ್, ಅಂದರೆ ಏಕಶಿಲೆ, ಎಂಬ ಹೆಸರಿನ ಆ ಚಿತ್ರದಿಂದ ಅವರ ನಿಜವಾದ ವೃತ್ತಿ ಆರಂಭವಾಯಿತು.

ಇದರ ಹಿಂದಿನ ವಿಜ್ಞಾನ ಹತ್ತನೆಯ ತರಗತಿಯ ಬೆಳಕಿನ ಚದುರುವಿಕೆಯೇ. ಆಕಾಶದಿಂದ ಬರುವುದು ಹೆಚ್ಚಾಗಿ ಚದುರಿದ ನೀಲಿ. ಕೆಂಪು ಫಿಲ್ಟರ್ ನೀಲಿಯನ್ನು ತಡೆಯುತ್ತದೆ. ನಾನು ಮಕ್ಕಳಿಗೆ ಕೆಂಪು ಜಿಲೆಟಿನ್ ಹಾಳೆಯ ತುಂಡು ಕೊಟ್ಟು ಹೊರಗೆ ಕರೆದೊಯ್ದೆ. ಸೂರ್ಯನ ಕಡೆ ನೋಡಬಾರದೆಂದು ಮೊದಲೇ ಹೇಳಿರಬೇಕು. ನೀಲಿ ಆಕಾಶ ಕಪ್ಪಾಗಿ, ಬಿಳಿ ಮೋಡ ಎದ್ದು ಕಂಡಾಗ ಅವರಿಗೆ ಆದ ಬೆರಗನ್ನು ಕಪ್ಪುಹಲಗೆಯ ಕಿರಣಚಿತ್ರ ಎಂದೂ ತರಲಾರದು. ಐದು ರೂಪಾಯಿಗೂ ಕಡಿಮೆ ಖರ್ಚಿನ ಬೋಧನೋಪಕರಣ ಎಂದು ಮಿತ್ರರಿಗೆ ಶಿಫಾರಸು ಮಾಡುತ್ತೇನೆ.

ಇಷ್ಟಾದರೂ ಪಿಯಾನೋ ವಾದಕನಾಗುವುದೋ ಛಾಯಾಗ್ರಾಹಕನಾಗುವುದೋ ಎಂಬುದು 1930ರವರೆಗೂ ತೀರ್ಮಾನವಾಗಿರಲಿಲ್ಲ. ಆ ವರ್ಷ ನ್ಯೂ ಮೆಕ್ಸಿಕೋದ ಟಾವೋಸ್‌ನಲ್ಲಿ ಪಾಲ್ ಸ್ಟ್ರಾಂಡ್ ಎಂಬ ಹಿರಿಯ ಛಾಯಾಗ್ರಾಹಕರು ತಮ್ಮ ನೆಗೆಟಿವ್‌ಗಳನ್ನು ತೋರಿಸಿದರು. ಚಿತ್ರಗಳನ್ನಲ್ಲ, ಬರೀ ನೆಗೆಟಿವ್‌ಗಳನ್ನು. ಅವುಗಳ ಸ್ಪಷ್ಟತೆ ನೋಡಿಯೇ ಆಡಮ್ಸ್ ದಾರಿ ಆರಿಸಿಕೊಂಡರು. 1932ರಲ್ಲಿ ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್ ಮೊದಲಾದವರ ಜೊತೆ ಎಫ್ 64 ಎಂಬ ಗುಂಪು ಕಟ್ಟಿದರು. ಲೆನ್ಸಿನ ಕಿಂಡಿಯನ್ನು ಬಹಳ ಕಿರಿದು ಮಾಡುವ ಅಳತೆಯ ಹೆಸರದು. ಕಿಂಡಿ ಕಿರಿದಾದಷ್ಟೂ ಹತ್ತಿರದ ಎಲೆಯೂ ದೂರದ ಬೆಟ್ಟವೂ ಒಟ್ಟಿಗೆ ಸ್ಪಷ್ಟ. ಆಗಿನ ಮಂಜುಮಂಜಾದ, ಚಿತ್ರಕಲೆಯನ್ನು ಅನುಕರಿಸುವ ಫೋಟೋಗಳಿಗೆ ಅದು ಉತ್ತರವಾಗಿತ್ತು.

ಆಡಮ್ಸ್ ಒಳ್ಳೆಯ ಶಿಕ್ಷಕರೂ ಹೌದು. ಲಾಸ್ ಏಂಜಲಿಸ್‌ನ ಕಲಾಶಾಲೆಯೊಂದರಲ್ಲಿ ಪಾಠ ಹೇಳುವಾಗ, 1940ರ ಸುಮಾರಿಗೆ, ಸಹೋದ್ಯೋಗಿ ಫ್ರೆಡ್ ಆರ್ಚರ್ ಜೊತೆ ಸೇರಿ ಝೋನ್ ಸಿಸ್ಟಮ್ ಎಂಬ ಕ್ರಮ ರೂಪಿಸಿದರು. ಅಚ್ಚಕಪ್ಪಿನಿಂದ ಅಚ್ಚಬಿಳುಪಿನವರೆಗೆ ಹನ್ನೊಂದು ಮೆಟ್ಟಿಲು, 0ಯಿಂದ 10. ದೃಶ್ಯದಲ್ಲಿ ಬೆಳಕು ಎರಡರಷ್ಟಾದರೆ ಒಂದು ಮೆಟ್ಟಿಲು ಮೇಲೆ. ಚಿತ್ರ ತೆಗೆಯುವ ಮೊದಲೇ, ಈ ಕಾಂಡ ಯಾವ ಮೆಟ್ಟಿಲಲ್ಲಿ ಬರಬೇಕು, ಆ ನೆರಳು ಎಷ್ಟನೆಯದು ಎಂದು ಮನಸ್ಸಿನಲ್ಲಿ ಚಿತ್ರ ಮುಗಿಸಿಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಾಠಕ್ಕೆ ಮೊದಲು ಪಾಠಯೋಜನೆ. ವ್ಯತ್ಯಾಸವೆಂದರೆ ಅವರು ಯೋಜನೆಯನ್ನು ಹೊಲ, ಬೆಟ್ಟ ನೋಡಿದ ಮೇಲೆ ಬರೆಯುತ್ತಿದ್ದರು. ನಾವು ಮಕ್ಕಳನ್ನು ನೋಡುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ.

ಆ ಕ್ರಮ ಮೈಗೂಡಿದ್ದರ ಫಲ 1941ರಲ್ಲಿ ಕಂಡಿತು. ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಪಕ್ಕ ಕಾರು ಓಡಿಸುತ್ತಿದ್ದಾಗ, ಸ್ಮಶಾನದ ಶಿಲುಬೆಗಳ ಮೇಲೆ ಸಂಜೆಯ ಬಿಸಿಲು, ಮೇಲೆ ಚಂದ್ರ. ಬೆಳಕು ಅಳೆಯುವ ಮೀಟರ್ ಹುಡುಕಿದರೆ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶಮಾನ ಎಷ್ಟೆಂಬ ಅಂಕಿ ನೆನಪಿನಲ್ಲಿತ್ತು; ಅದರಿಂದಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ತಾರೀಖು ಬರೆದಿಡುವ ಅಭ್ಯಾಸ ಅವರಿಗಿರಲಿಲ್ಲ. ದಶಕಗಳ ನಂತರ ಖಗೋಳಾಸಕ್ತರು ಚಂದ್ರನ ಸ್ಥಾನ ಲೆಕ್ಕಹಾಕಿ ಅದು ನವೆಂಬರ್ 1ರ ಸಂಜೆ ಎಂದು ಹೇಳಬೇಕಾಯಿತು. ವಿಜ್ಞಾನದ ಮಕ್ಕಳಿಗೆ ಇದಕ್ಕಿಂತ ರುಚಿಯಾದ ಲೆಕ್ಕ ಸಿಗುವುದು ಕಷ್ಟ.

1937ರಲ್ಲಿ ಯೊಸೆಮಿಟಿಯ ಅವರ ಡಾರ್ಕ್‌ರೂಮಿಗೆ ಬೆಂಕಿ ಬಿತ್ತು. ಸಾವಿರಾರು ನೆಗೆಟಿವ್‌ಗಳು ಸುಟ್ಟುಹೋದವು. ಉಳಿದವನ್ನು ನೀರಿಗೆ ಹಾಕಿ ಒಂದೊಂದಾಗಿ ಉಳಿಸಿಕೊಂಡು, ಅದೇ ವರ್ಷ ಮತ್ತೆ ಕ್ಯಾಮೆರಾ ಹೊತ್ತು ಹೊರಟರು. ಆ ಶರತ್ಕಾಲದಲ್ಲಿ ಕೊಲರಾಡೋದಲ್ಲಿ ತೆಗೆದ ಚಿತ್ರಗಳಲ್ಲಿ ಆಸ್ಪೆನ್ ಮರಗಳದ್ದೂ ಒಂದು. ಆಸ್ಪೆನ್ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬೆಂಕಿ ಕಂಡು ಮತ್ತೆ ಏಳುವುದರಲ್ಲಿ ಆ ಮರಕ್ಕೆ ಸಾಟಿ ಕಡಿಮೆ.

ಆಸ್ಪೆನ್‌ಗೆ ಕನ್ನಡದಲ್ಲಿ ಹೆಸರಿಲ್ಲ. ಚಳಿ ನಾಡಿನ ಮರ. ಕಾಂಡ ನೆಟ್ಟಗೆ, ತೊಗಟೆ ಬಿಳಿ, ಅಲ್ಲಲ್ಲಿ ಕಣ್ಣಿನಂತೆ ಕಪ್ಪು ಗಾಯದ ಗುರುತು. ಎಲೆಯ ತೊಟ್ಟು ಚಪ್ಪಟೆಯಾಗಿರುವುದರಿಂದ ಸುಳಿಗಾಳಿಗೂ ಎಲೆಗಳೆಲ್ಲ ನಡುಗುತ್ತವೆ. ನಮ್ಮ ಅರಳಿ ಎಲೆಯ ನಡುಕವನ್ನು ನೆನೆದುಕೊಂಡರೆ ಸಾಕು. ತಿರುಮಣಿಯ ಮಕ್ಕಳಲ್ಲಿ ಹಲವರು ಮನೆಯಲ್ಲಿ ತೆಲುಗು ಮಾತಾಡುವವರು. ರಾವಿ ಚೆಟ್ಟು ಎಂದೊಡನೆ ಅವರಿಗೆ ಪೂರ್ತಿ ಅರ್ಥವಾಯಿತು. ತೊಗಟೆಯಲ್ಲಿ ಪತ್ರಹರಿತ್ತು ಇರುವುದರಿಂದ ಎಲೆ ಉದುರಿದ ಮೇಲೂ ಆಸ್ಪೆನ್ ಕಾಂಡ ಸ್ವಲ್ಪಮಟ್ಟಿಗೆ ಆಹಾರ ತಯಾರಿಸುತ್ತದೆ. ನಿಜವಾದ ಶಕ್ತಿ ಇರುವುದು ಬೇರಿನಲ್ಲಿ. ಬೇರುಗಳು ನೆಲದಡಿಯಲ್ಲಿ ಹರಡಿ ಅಲ್ಲಲ್ಲಿ ಮರಿ ಎಬ್ಬಿಸುತ್ತವೆ. ನಮ್ಮ ಹೊಂಗೆ ಮರದ ಬೇರಿನಿಂದಲೂ ಹೀಗೆ ಮರಿಗಿಡ ಏಳುವುದನ್ನು ಮಕ್ಕಳು ನೋಡಿರುತ್ತಾರೆ. ಕಾಡ್ಗಿಚ್ಚಿನಲ್ಲಿ ಮೇಲಿನ ಕಾಂಡ ಸತ್ತಾಗ ಅಲ್ಲಿಂದ ಇಳಿದು ಬರುತ್ತಿದ್ದ ಆಕ್ಸಿನ್ ನಿಲ್ಲುತ್ತದೆ. ಅದುವರೆಗೆ ತಡೆಹಿಡಿದಿದ್ದ ಬೇರಿನ ಮೊಗ್ಗುಗಳು ಒಮ್ಮೆಗೇ ಚಿಗುರುತ್ತವೆ. ಕಾಯಜ ಸಂತಾನೋತ್ಪತ್ತಿಯೂ ಸಸ್ಯ ಹಾರ್ಮೋನೂ ಒಂದೇ ಉದಾಹರಣೆಯಲ್ಲಿ ಬಂತು. ಯೂಟಾ ರಾಜ್ಯದಲ್ಲಿ ಪ್ಯಾಂಡೋ ಎಂದು ಕರೆಯುವ ತೋಪು 106 ಎಕರೆ ಹರಡಿದೆ. ಸುಮಾರು 47,000 ಕಾಂಡಗಳು, ಎಲ್ಲ ಒಂದೇ ಬೇರಿನ ಒಂದೇ ಜೀವಿ. ಈಗ ಅದಕ್ಕೂ ಕಷ್ಟ ಬಂದಿದೆ: ಜಿಂಕೆ, ದನಗಳು ಮರಿಗಳನ್ನು ಮೇಯ್ದುಬಿಡುತ್ತವೆ. ಮೇಕೆ ಸಾಕುವ ಮನೆಯ ಮಕ್ಕಳಿಗೆ ಈ ಸಮಸ್ಯೆಯನ್ನು ವಿವರಿಸುವ ಅಗತ್ಯ ಬೀಳಲಿಲ್ಲ.

ಆಡಮ್ಸ್ ಅವರ ಹೆಸರಾಂತ ಆಸ್ಪೆನ್ ಚಿತ್ರಗಳು 1958ರವು. ನ್ಯೂ ಮೆಕ್ಸಿಕೋದ ಸ್ಯಾಂಟಾ ಫೆ ಬಳಿಯ ಸಾಂಗ್ರೆ ದೆ ಕ್ರಿಸ್ತೋ ಪರ್ವತಗಳಲ್ಲಿ, ಎಲೆ ಹಳದಿಯಾಗುವ ಕಾಲ. ಒಂದೇ ಜಾಗದ ಎರಡು ಚಿತ್ರ, ಒಂದು ಅಡ್ಡ, ಒಂದು ಉದ್ದ. ತೆಳು ಬಿಳಿ ಕಾಂಡಗಳ ಸಾಲು, ಹಿಂದೆ ದಟ್ಟ ಕತ್ತಲು, ಮುಂದೆ ಒಂದು ಎಳೆಯ ಗಿಡ ತನ್ನೊಳಗಿಂದಲೇ ಬೆಳಗುವಂತೆ. ಮಕ್ಕಳಿಗೆ ತೋರಿಸಿ ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದೆ. ಎಡದಿಂದ, ಬಲದಿಂದ, ಹಿಂದಿನಿಂದ ಎಂದರು. ಉತ್ತರ: ಎಲ್ಲಿಂದಲೂ ಇಲ್ಲ. ಮರಗಳು ನಿಂತದ್ದು ಬೆಟ್ಟದ ನೆರಳಿನಲ್ಲಿ. ನೇರ ಬಿಸಿಲಿನ ಒಂದು ಕಿರಣವೂ ಅಲ್ಲಿರಲಿಲ್ಲ, ಇದ್ದದ್ದು ಆಕಾಶದಿಂದ ಚದುರಿ ಬಂದ ಮೆತ್ತನೆಯ ಬೆಳಕು. ಗಾಳಿಯೂ ಇರಲಿಲ್ಲ, ಸದಾ ನಡುಗುವ ಮರ ಆ ಹೊತ್ತಿನಲ್ಲಿ ನಿಶ್ಚಲ. ಬರಿಗಣ್ಣಿಗೆ ಕಾಂಡ ತುಸು ಹಸಿರು, ಎಲೆ ಹಳದಿ. ಹಳದಿ ಫಿಲ್ಟರ್ ಎಲೆಗಳನ್ನು ಬೆಳಗಿಸಿ ನೀಲಿ ನೆರಳನ್ನು ಗಾಢ ಮಾಡಿತು. ದೃಶ್ಯದಲ್ಲಿ ಕಡಿಮೆಯಿದ್ದ ಕಪ್ಪು ಬಿಳುಪಿನ ಅಂತರವನ್ನು ಫಿಲ್ಮ್ ತೊಳೆಯುವಾಗಲೂ ಪ್ರಿಂಟ್ ಮಾಡುವಾಗಲೂ ಹಿಗ್ಗಿಸಿದರು. ಬಹುತೇಕ ನೋಡುಗರು ಇಂದಿಗೂ ಅದು ಬಿಸಿಲಲ್ಲಿ ತೆಗೆದ ಚಿತ್ರವೆಂದೇ ತಿಳಿಯುತ್ತಾರೆ.

ನನ್ನ ಮಟ್ಟಿಗೆ ಇಡೀ ಬದುಕಿನ ಸಾರ ಇರುವುದು ಈ ಎರಡು ಚಿತ್ರಗಳಲ್ಲಿ. ಅವರ ದೊಡ್ಡ ಬೆಟ್ಟಗಳ ಚಿತ್ರಗಳು ನೋಡುವವರನ್ನು ಸ್ವಲ್ಪ ಹೆದರಿಸುತ್ತವೆ. ಆಸ್ಪೆನ್ ಚಿತ್ರ ನಮ್ಮೂರ ಬೇವಿನ ತೋಪಿನಲ್ಲೂ, ಮೋಡ ಕವಿದ ದಿನ, ಸಾಧ್ಯ ಎನ್ನಿಸುತ್ತದೆ.

ಟೀಕೆಗಳೂ ಇದ್ದವು. ಆರ್ಥಿಕ ಕುಸಿತ, ಯುದ್ಧಗಳ ಕಾಲದಲ್ಲಿ ಬಂಡೆ ಮರಗಳ ಚಿತ್ರ ತೆಗೆಯುತ್ತ ಕೂತಿದ್ದಾರೆ ಎಂದು ಸಮಕಾಲೀನರು ಆಕ್ಷೇಪಿಸಿದರು. ಅದು ಪೂರ್ತಿ ನ್ಯಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿದಾಗ, 1943ರಲ್ಲಿ ಆಡಮ್ಸ್ ಮಂಜಾನಾರ್ ಶಿಬಿರಕ್ಕೆ ಹೋಗಿ ಅಲ್ಲಿನವರ ಮುಖ, ಶಾಲೆ, ಹೊಲಗಳನ್ನು ಚಿತ್ರಿಸಿ 1944ರಲ್ಲಿ ಪುಸ್ತಕ ತಂದರು. ಯುದ್ಧದ ನಡುವೆ ಅದಕ್ಕೆ ಧೈರ್ಯ ಬೇಕಿತ್ತು. ಮರಬೆಟ್ಟಗಳ ಚಿತ್ರಗಳೂ ಸುಮ್ಮನೆ ಗೋಡೆಯ ಮೇಲೆ ಉಳಿಯಲಿಲ್ಲ. 1936ರಲ್ಲಿ ಅವನ್ನು ವಾಷಿಂಗ್ಟನ್ನಿಗೆ ಒಯ್ದು ಜನಪ್ರತಿನಿಧಿಗಳಿಗೆ ತೋರಿಸಿದರು, 1938ರಲ್ಲಿ ಸಿಯೆರಾ ಪರ್ವತಗಳ ಪುಸ್ತಕ ಮಾಡಿದರು. 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ಆಯಿತು.

ನನಗೆ ಒಪ್ಪಿಗೆಯಾಗದ ಸಂಗತಿ ಬೇರೆ. ಅವರ ಹೆಸರಾಂತ ಭೂದೃಶ್ಯಗಳಲ್ಲಿ ಮನುಷ್ಯರೇ ಇಲ್ಲ. ಯೊಸೆಮಿಟಿ ಕಣಿವೆ ಖಾಲಿ ಜಾಗವಾಗಿರಲಿಲ್ಲ, ಶತಮಾನಗಳಿಂದ ಮೂಲನಿವಾಸಿಗಳು ಬಾಳಿದ ನೆಲ. ಅವರನ್ನು ಎಬ್ಬಿಸಿದ ಮೇಲಿನ ಮೌನವೂ ಆ ಚಿತ್ರಗಳಲ್ಲಿದೆ. ತಿರುಮಣಿಯ ಹುಡುಗಿಯೊಬ್ಬಳು ಈ ಮರಗಳು ಯಾರವು ಎಂದು ಮೊದಲ ಪ್ರಶ್ನೆಯಾಗಿ ಕೇಳಿದಳು. ನಮ್ಮಲ್ಲಿ ಹುಣಸೆ ಮರವೆಂದರೆ ಯಾರ ಬದುವಿನದು, ಈ ವರ್ಷ ಕಾಯಿ ಯಾರಿಗೆ ಎಂಬುದು ಸೇರಿಯೇ ಮರ.

ಕೊನೆಯ ವರ್ಷಗಳ ಗೌರವಗಳನ್ನು ಬೇಗ ಹೇಳಿ ಮುಗಿಸಬಹುದು. 1980ರಲ್ಲಿ ದೇಶದ ಅತ್ಯುನ್ನತ ನಾಗರಿಕ ಪದಕ ಬಂತು. 1984ರ ಏಪ್ರಿಲ್ 22ರಂದು, 82ರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ತೀರಿಕೊಂಡರು. ಅದು ಭೂದಿನವೂ ಹೌದು. ನಮ್ಮ ಶಾಲೆಗಳಿಗೆ ಆಗ ಬೇಸಿಗೆ ರಜೆ, ಹಾಗಾಗಿ ಆಚರಣೆಗೆ ಬೇರೆ ದಿನ ಹುಡುಕಿಕೊಳ್ಳಬೇಕು. ಸಿಯೆರಾದ ಒಂದು ಶಿಖರಕ್ಕೂ ಒಂದು ಅರಣ್ಯಪ್ರದೇಶಕ್ಕೂ ಅವರ ಹೆಸರಿಟ್ಟಿದ್ದಾರೆ.

ಪಾಠದ ಕೊನೆಗೆ ತೋರಿಸಿದ್ದು 1940ರ ಚಿತ್ರ: ಯೊಸೆಮಿಟಿಯ ಸೆಂಟಿನೆಲ್ ಡೋಮ್ ಎಂಬ ಬೋಳು ಬಂಡೆಯ ನೆತ್ತಿಯಲ್ಲಿ, ಬಿರುಕಿನಲ್ಲಿ ಬೇರು ಬಿಟ್ಟು, ಗಾಳಿಗೆ ಒಂದೇ ಕಡೆ ಬಾಗಿ ನಿಂತ ಜೆಫ್ರಿ ಪೈನ್ ಮರ. ಪಾವಗಡದ ಗುಡ್ಡ ಹತ್ತಿದವರಿಗೆ ಅಂಥ ಮರ ಹೊಸದಲ್ಲ. 1970ರ ದಶಕದ ಕೊನೆಯ ಬರಗಾಲದಲ್ಲಿ, ಜನ ನೀರು ಹೊತ್ತು ಮೇಲೆ ಒಯ್ದು ಎರೆದರೂ, ಆ ಪೈನ್ ಒಣಗಿತು. ಒಣಗಿದ ಮೇಲೂ ಕಾಲು ಶತಮಾನ ನಿಂತಿದ್ದು 2003ರ ಆಗಸ್ಟ್‌ನಲ್ಲಿ ಉರುಳಿತು. ಇದನ್ನು ಕೇಳಿ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ಅಷ್ಟು ವರ್ಷ ಒಣಮರ ನಿಂತಿದ್ದರೂ ಯಾರೂ ಸೌದೆಗೆ ಕಡಿಯಲಿಲ್ಲವೇ ಎಂದ. ಉಳಿದ ಅವಧಿ ಪೂರ್ತಿ ಆ ಪ್ರಶ್ನೆಗೇ ಹೋಯಿತು.